ಎರಡು ನಾರ್ಮಲ್‌ಗಳ ನಟ್ಟನಡುವೆ ಇರುವುದು ಯಾವುದು? (ಎಕ್ಸ್‌ಪೊನೆನ್ಶಿಯಲ್ ಫ್ಯಾಮಿಲಿ, ನಾನ್‌ಪ್ಯಾರಾಮೆಟ್ರಿಕ್, ಜ್ಯಾಮಿತಿ)

ರಾಘು_ಎಂಎಸ್ಸಿ:
ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಕೊನೆಯ ಸೆಮಿಸ್ಟರ್. ಎಕ್ಸ್‌ಪೊನೆನ್ಶಿಯಲ್ ಫ್ಯಾಮಿಲಿ (ಡೆನ್ಸಿಟಿಯ ಲಾಗ್ ಕೆಲವೇ ಫಂಕ್ಷನ್‌ಗಳ ಮಿಶ್ರಣವಾಗಿ ಬರುವ ಹಂಚಿಕೆಗಳ ಗುಂಪು) ಕ್ಲಾಸಿನಲ್ಲಿ ಮುಗಿದಿದೆ. ನಾರ್ಮಲ್, ಪಾಯ್ಸಾನ್, ಗಾಮಾ ಯಾವುದನ್ನು ಕೊಟ್ಟರೂ ಆ ರೂಪಕ್ಕೆ ತಂದು ಸಫಿಷಿಯೆಂಟ್ ಸ್ಟ್ಯಾಟಿಸ್ಟಿಕ್, ಅಂದರೆ ಪ್ಯಾರಾಮೀಟರ್ ಬಗ್ಗೆ ಡೇಟಾದಲ್ಲಿರುವ ಮಾಹಿತಿಯನ್ನೆಲ್ಲ ಹಿಡಿದಿಡುವ ಸಾರಾಂಶ, ಬರೆಯಬಲ್ಲೆ. ಈಗ ಸೆಮಿನಾರ್‌ಗೆ ಗೈಡ್ ಕೊಟ್ಟಿರುವ ವಿಷಯ "ನಾನ್‌ಪ್ಯಾರಾಮೆಟ್ರಿಕ್ ಎಕ್ಸ್‌ಪೊನೆನ್ಶಿಯಲ್ ಫ್ಯಾಮಿಲಿಯ ಜ್ಯಾಮಿತಿ". ಹೆಸರಿನಲ್ಲೇ ಜಗಳ ಇದೆ ಅಲ್ವಾ? ಒಂದು ಕಡೆ ಬೆರಳೆಣಿಕೆಯ ಪ್ಯಾರಾಮೀಟರ್, ಇನ್ನೊಂದು ಕಡೆ ಪ್ಯಾರಾಮೀಟರೇ ಬೇಡ ಅನ್ನುವವರು. ಮಧ್ಯದಲ್ಲಿ ಜ್ಯಾಮಿತಿ ಎಲ್ಲಿಂದ ಬಂತೋ ಗೊತ್ತಿಲ್ಲ. ಪೇಪರ್ ತೆರೆದರೆ ಮೊದಲ ಪುಟದಲ್ಲೇ ಬಾನಾಖ್ ಮ್ಯಾನಿಫೋಲ್ಡ್, ಒರ್ಲಿಚ್ ಸ್ಪೇಸ್. ಕೈಯಲ್ಲಿ ಲೆಕ್ಕ ಹಾಕಿ ನೋಡುವಂಥ ಉದಾಹರಣೆ ಯಾರಾದರೂ ಕೊಡುತ್ತೀರಾ?

ಭಾರತಿ_ನಿವೃತ್ತ_ಲೆಕ್ಚರರ್:
ರಾಘು, ಒರ್ಲಿಚ್ ಸ್ಪೇಸನ್ನು ಸದ್ಯಕ್ಕೆ ಪಕ್ಕಕ್ಕಿಡಪ್ಪ. ಒಂದು ಹಾಳೆ ತಗೊಂಡು ಎರಡು ನಾರ್ಮಲ್ ಬರೆದುಕೊ. ಒಂದರ ಸರಾಸರಿ −2, ಇನ್ನೊಂದರದು +2. ಎರಡರ ವೇರಿಯನ್ಸೂ 1. ಪಿ, ಕ್ಯೂ ಅನ್ನೋಣ. ಈಗ ಹೇಳು, ಇವೆರಡರ ನಟ್ಟನಡುವೆ ಇರುವ ಹಂಚಿಕೆ ಯಾವುದು?

ಎರಡು ಡೆನ್ಸಿಟಿಗಳನ್ನೂ ಕೂಡಿಸಿ ಅರ್ಧ ಮಾಡಿದೆ ಅನ್ನು. ಎರಡು ಗುಡ್ಡದ ಮಿಕ್ಸ್ಚರ್ ಸಿಗುತ್ತದೆ. ಅದರ ಸರಾಸರಿ 0, ವೇರಿಯನ್ಸ್ 1 + 4 = 5.

ಅದನ್ನು ಬಿಟ್ಟು ಲಾಗ್ ಡೆನ್ಸಿಟಿಗಳ ಸರಾಸರಿ ತಗೊಂಡು, ಒಟ್ಟು 1 ಆಗುವ ಹಾಗೆ ಸರಿಮಾಡಿಕೊಂಡೆ ಅನ್ನು. ವರ್ಗಗಳನ್ನು ಬಿಡಿಸಿ ನೋಡು, ಅಡ್ಡ ಪದಗಳು ಹೊಡೆದುಹೋಗುತ್ತವೆ. ಗುಡ್ಡ ಒಂದೇ ಉಳಿಯುತ್ತದೆ. ಸರಾಸರಿ 0, ವೇರಿಯನ್ಸ್ 1 ಇರುವ ನಾರ್ಮಲ್.

ಮೂರನೆಯದಕ್ಕೆ ಸ್ವಲ್ಪ ಜಾಸ್ತಿ ಕೆಲಸ ಇದೆ. ಎಲ್ಲಾ ನಾರ್ಮಲ್‌ಗಳನ್ನು ಒಂದು ಅರ್ಧ ಸಮತಲದಲ್ಲಿ ಬಿಂದುಗಳಾಗಿ ಇಡು. ಅಡ್ಡಕ್ಕೆ ಸರಾಸರಿ, ಮೇಲಕ್ಕೆ ಸಿಗ್ಮಾ. ದೂರ ಅಳೆಯುವುದಕ್ಕೆ ಫಿಶರ್ ಇನ್ಫರ್ಮೇಷನ್ ಬಳಸು, ಅಂದರೆ ಪ್ಯಾರಾಮೀಟರ್ ಚೂರು ಬದಲಾದರೆ ಡೇಟಾದಲ್ಲಿ ಎಷ್ಟು ಗೊತ್ತಾಗುತ್ತದೆ ಅನ್ನುವ ಅಳತೆ. ಸಿಗ್ಮಾ ಜಾಸ್ತಿ ಇರುವ ಕಡೆ ಸರಾಸರಿಯನ್ನು ಒಂದು ಹೆಜ್ಜೆ ಸರಿಸಿದರೆ ಡೇಟಾದಲ್ಲಿ ಗೊತ್ತೇ ಆಗುವುದಿಲ್ಲ, ಹಾಗಾಗಿ ಅಲ್ಲಿ ದೂರಗಳು ಕುಗ್ಗುತ್ತವೆ. ಪಿ ಇಂದ ಕ್ಯೂಗೆ ಹತ್ತಿರದ ದಾರಿ ನೆಟ್ಟಗೆ ಹೋಗದೆ ಮೇಲಕ್ಕೆ ಬಾಗಿ ಹೋಗುತ್ತದೆ. ಅಡ್ಡ ಅಳತೆಯನ್ನು ಎರಡರ ವರ್ಗಮೂಲದಿಂದ ಭಾಗಿಸಿಕೊಂಡರೆ ಅದು ಅರ್ಧವೃತ್ತ, ತ್ರಿಜ್ಯ ಮೂರರ ವರ್ಗಮೂಲ. ದಾರಿಯ ನಡುವೆ ಸಿಗುವುದು ಸರಾಸರಿ 0, ವೇರಿಯನ್ಸ್ 3 ಇರುವ ನಾರ್ಮಲ್.

5, 1, 3. ಮೂರಕ್ಕೂ "ನಡುವೆ" ಅನ್ನುವ ಹಕ್ಕಿದೆ. ಇಷ್ಟು ಗಟ್ಟಿಯಾದರೆ ನಿನ್ನ ಸೆಮಿನಾರ್‌ನ ಅರ್ಧ ಮುಗಿದ ಹಾಗೆ.

ನಂಜುಂಡ:
ಮೇಡಂ, ಹಾಗಾದರೆ ಸರಿಯಾದ ಉತ್ತರ ಯಾವುದು? ಒಂದಾದರೂ ಸರಿ ಇರಬೇಕಲ್ಲ.

ಭಾರತಿ_ನಿವೃತ್ತ_ಲೆಕ್ಚರರ್:
ನೇರ ಗೆರೆ ಅಂದರೆ ಏನು ಅಂತ ಮೊದಲೇ ತೀರ್ಮಾನ ಮಾಡದೆ "ಸರಿ" ಅನ್ನುವುದಕ್ಕೆ ಅರ್ಥವಿಲ್ಲ ನಂಜುಂಡ. ಡೆನ್ಸಿಟಿಗಳನ್ನೇ ಬೆರೆಸುವುದು ಎಂ-ಗೆರೆ, ಮಿಕ್ಸ್ಚರ್ ಅನ್ನುವುದರ ಎಂ. ಲಾಗ್‌ಗಳನ್ನು ಬೆರೆಸುವುದು ಇ-ಗೆರೆ. ಒಂದು ಗುಂಪಿನ ಯಾವ ಎರಡು ಹಂಚಿಕೆ ತಗೊಂಡರೂ ಅವುಗಳ ನಡುವಿನ ಇ-ಗೆರೆ ಆ ಗುಂಪಿನೊಳಗೇ ಉಳಿದರೆ ಅದು ಎಕ್ಸ್‌ಪೊನೆನ್ಶಿಯಲ್ ಫ್ಯಾಮಿಲಿ. ಅಂದರೆ ಇ-ಗೆರೆಯ ಕಣ್ಣಿಗೆ ಚಪ್ಪಟೆಯಾದ ಜಾಗ. ಕ್ಲಾಸಿನಲ್ಲಿ ಥೀಟಾ, ಟಿ, ಎ ಅಂತ ಬರೆಯುವ ಸೂತ್ರ ಇದರ ಮೇಲೆ ಹಾಕಿದ ಅಕ್ಷಾಂಶ, ರೇಖಾಂಶ ಅಷ್ಟೆ.

1975ರಲ್ಲಿ ಬ್ರಾಡ್ಲಿ ಎಫ್ರಾನ್ ಒಂದು ಫ್ಯಾಮಿಲಿ ಈ ಚಪ್ಪಟೆತನದಿಂದ ಎಷ್ಟು ಬಾಗಿದೆ ಅಂತ ಅಳೆಯುವ ವಕ್ರತೆ ಕೊಟ್ಟರು. ಬಾಗಿದಷ್ಟೂ ಮ್ಯಾಕ್ಸಿಮಮ್ ಲೈಕ್ಲಿಹುಡ್ ಅಂದಾಜಿನಲ್ಲಿ (ಕಂಡ ಡೇಟಾಗೆ ಅತಿ ಹೆಚ್ಚು ಸಾಧ್ಯತೆ ಕೊಡುವ ಹಂಚಿಕೆಯನ್ನು ಆರಿಸುವುದು) ಮಾಹಿತಿ ಸೋರುತ್ತದೆ. ಆ ಪೇಪರ್‌ನ ಚರ್ಚೆಯಲ್ಲೇ ಫಿಲಿಪ್ ಡೇವಿಡ್ ಇದಕ್ಕೆ ಡಿಫರೆನ್ಶಿಯಲ್ ಜ್ಯಾಮಿತಿಯ ಭಾಷೆ ಕೊಟ್ಟರು. ಆಮೇಲೆ ಜಪಾನಿನ ಶುನ್‌ಇಚಿ ಅಮಾರಿ ಎರಡು ತರದ ಗೆರೆಗಳನ್ನೂ ಒಂದೇ ಚೌಕಟ್ಟಿಗೆ ತಂದರು.

ಇನ್ನೊಂದು ಲಾಭ ನೋಡು. ಎಂ-ನಡುಬಿಂದುವಿಗೆ ಅತಿ ಹತ್ತಿರದ ನಾರ್ಮಲ್ ಯಾವುದು ಅಂತ ಕುಲ್‌ಬ್ಯಾಕ್-ಲೈಬ್ಲರ್ (ಒಂದು ಹಂಚಿಕೆ ಇನ್ನೊಂದರಿಂದ ಎಷ್ಟು ಬೇರೆ ಅನ್ನುವ ಅಳತೆ) ಪ್ರಕಾರ ಹುಡುಕಿದರೆ ಸರಾಸರಿ 0, ವೇರಿಯನ್ಸ್ 5 ಇರುವ ನಾರ್ಮಲ್ ಸಿಗುತ್ತದೆ. ಮೊಮೆಂಟ್‌ಗಳು, ಇಲ್ಲಿ ಸರಾಸರಿ ಮತ್ತು ವೇರಿಯನ್ಸ್, ತಾಳೆಯಾಗಬೇಕು, ಅಷ್ಟೇ ಷರತ್ತು. ಮ್ಯಾಕ್ಸಿಮಮ್ ಲೈಕ್ಲಿಹುಡ್ ಮಾಡುವುದೂ ಇದನ್ನೇ. ಡೇಟಾದಿಂದ ಎಂ-ಗೆರೆ ಹಿಡಿದು ಇಳಿದು ಇ-ಚಪ್ಪಟೆ ಜಾಗವನ್ನು ಲಂಬವಾಗಿ ಮುಟ್ಟುವುದು. ಪೈಥಾಗೊರಸ್ ಪ್ರಮೇಯದ ಹಾಗೇ ಒಂದು ಸಮೀಕರಣ ಇಲ್ಲಿ ನಿಲ್ಲುತ್ತದೆ. ಇಮ್ರೆ ಚಿಸಾರ್ ಅದನ್ನು 1975ರಲ್ಲೇ ಬರೆದಿದ್ದಾರೆ.

ಕೋಡುಬಳೆ:
ಫಿಶರ್ ದೂರ ಅಂದಾಗ ನಮ್ಮ ಕನ್ನಡಿಗರ ಹೆಸರು ಬಿಟ್ಟಿರಲ್ಲ ಮೇಡಂ! ಆ ದೂರದ ಯೋಚನೆ ಕೊಟ್ಟ ಸ್ಟ್ಯಾಟಿಸ್ಟಿಕ್ಸ್ ಪಂಡಿತ ಸಿ. ಆರ್. ರಾವ್ ಹೂವಿನಹಡಗಲಿಯವರು.

ತುಂಗಾತೀರ:
ಹುಟ್ಟಿದ್ದು ಹೂವಿನಹಡಗಲಿಯಲ್ಲೇ, 1920ರ ಸೆಪ್ಟೆಂಬರ್ 10. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಈಗ ವಿಜಯನಗರ ಜಿಲ್ಲೆ. ಮನೆಮಾತು ತೆಲುಗು, ಓದಿದ್ದು ಆಂಧ್ರ ಮತ್ತು ಕಲ್ಕತ್ತಾ ವಿಶ್ವವಿದ್ಯಾಲಯಗಳಲ್ಲಿ. ಹಡಗಲಿಯವರು ಹೆಮ್ಮೆ ಪಡುವುದಕ್ಕೆ ಅಡ್ಡಿ ಇಲ್ಲ, ಆಂಧ್ರದವರ ಜೊತೆ ಹಂಚಿಕೊಳ್ಳಬೇಕು ಅಷ್ಟೆ. 1945ರಲ್ಲಿ ಕಲ್ಕತ್ತಾ ಮ್ಯಾಥಮೆಟಿಕಲ್ ಸೊಸೈಟಿಯ ಬುಲೆಟಿನ್‌ನಲ್ಲಿ ಅವರ ಒಂದು ಪೇಪರ್ ಬಂತು. ಎಲ್ಲರೂ ಓದುವ ಕ್ರೇಮರ್-ರಾವ್ ಮಿತಿ ಅದರಲ್ಲಿದೆ, ರಾವ್-ಬ್ಲ್ಯಾಕ್‌ವೆಲ್ ಅದರಲ್ಲಿದೆ, ಫಿಶರ್ ಇನ್ಫರ್ಮೇಷನ್ನಿಂದ ದೂರ ಅಳೆಯುವ ಯೋಚನೆಯೂ ಅದರಲ್ಲೇ ಇದೆ. ಮೊದಲ ಎರಡು ಪರೀಕ್ಷೆಗೆ ಬರುತ್ತವೆ, ಮೂರನೆಯದನ್ನು ಸಿಲೆಬಸ್ ಮಾಡುವವರು ಮರೆತುಬಿಡುತ್ತಾರೆ.

ಈ ದೂರವೇ ಯಾಕೆ, ಬೇರೆ ಯಾಕಲ್ಲ ಅನ್ನುವುದಕ್ಕೆ ರಷ್ಯಾದ ಚೆಂಟ್ಸೊವ್ 1972ರಲ್ಲಿ ಉತ್ತರ ಕೊಟ್ಟರು. ಫಲಿತಗಳ ಸಂಖ್ಯೆ ಸೀಮಿತವಾಗಿದ್ದಾಗ, ಸಫಿಷಿಯೆಂಟ್ ಸ್ಟ್ಯಾಟಿಸ್ಟಿಕ್‌ಗೆ ಇಳಿಸಿದರೂ ಬದಲಾಗದ ಅಳತೆ ಇದೊಂದೇ, ಬೇಕಾದರೆ ಒಂದು ಸ್ಥಿರಾಂಕದಿಂದ ಗುಣಿಸಬಹುದು.

ಮೇಡಂ ಕೊಟ್ಟ ಉದಾಹರಣೆಯನ್ನೇ ಸ್ವಲ್ಪ ಎಳೆಯುತ್ತೇನೆ, ನಾನ್‌ಪ್ಯಾರಾಮೆಟ್ರಿಕ್‌ಗೆ ಬಾಗಿಲು ಅಲ್ಲೇ ಇದೆ. ಸಿಗ್ಮಾ 1 ಇಟ್ಟುಕೊಂಡು ನೆಟ್ಟಗೆ ಪಿ ಇಂದ ಕ್ಯೂಗೆ ಹೋದರೆ ಫಿಶರ್ ಉದ್ದ 4. ನಾರ್ಮಲ್‌ಗಳ ಒಳಗೇ ಬಾಗಿ ಹೋದರೆ ಸುಮಾರು 3.24. ನಾರ್ಮಲ್ ಆಗಿರಲೇಬೇಕು ಅನ್ನುವ ಷರತ್ತು ತೆಗೆದು ಯಾವ ಡೆನ್ಸಿಟಿಯ ಮೂಲಕ ಬೇಕಾದರೂ ಹಾದುಹೋಗು ಅಂದರೆ 2.87ಕ್ಕೆ ಇಳಿಯುತ್ತದೆ. ಈ ಕೊನೆಯದು ಬರುವುದು ಡೆನ್ಸಿಟಿಯ ವರ್ಗಮೂಲದಿಂದ. ವರ್ಗಮೂಲದ ವರ್ಗ ಕೂಡಿದರೆ 1, ಹಾಗಾಗಿ ಎಲ್ಲಾ ಡೆನ್ಸಿಟಿಗಳೂ ಒಂದು ಗೋಳದ ಮೇಲೆ ಕೂರುತ್ತವೆ. ಪಿ, ಕ್ಯೂ ವರ್ಗಮೂಲಗಳ ಗುಣಲಬ್ಧದ ಇಂಟೆಗ್ರಲ್ ಇಲ್ಲಿ 0.135, ಭಟ್ಟಾಚಾರ್ಯ ಗುಣಾಂಕ ಅನ್ನುವುದು ಇದನ್ನೇ. ಅದರ ಆರ್ಕ್‌ಕೊಸೈನ್‌ನ ಎರಡರಷ್ಟು ಮಾಡಿದರೆ 2.87.

ರಾಘು_ಎಂಎಸ್ಸಿ:
ಸರ್, ಗೋಳ ಸಿಕ್ಕಿತಲ್ಲ. ಗೋಳಕ್ಕಿಂತ ಒಳ್ಳೆಯ ಮ್ಯಾನಿಫೋಲ್ಡ್ ಯಾವುದಿದೆ? ಅಲ್ಲಿಗೇ ನಿಲ್ಲಿಸಬಹುದಿತ್ತು. ಒರ್ಲಿಚ್ ಯಾಕೆ ಬೇಕಾಯಿತು?

ತುಂಗಾತೀರ:
ಒಳ್ಳೆಯ ಪ್ರಶ್ನೆ. ಗೋಳದ ಮೇಲೆ ಡೆನ್ಸಿಟಿಗಳು ಕೂರುವುದು ಸೊನ್ನೆಗಿಂತ ಮೇಲಿರುವ ಭಾಗದಲ್ಲಿ ಮಾತ್ರ. ಫಲಿತಗಳು ಆರೇ ಇದ್ದರೆ, ದಾಳದ ಹಾಗೆ, ಆ ಭಾಗಕ್ಕೆ ಒಳಜಾಗ ಇದೆ. ಒಳಗೆ ನಿಂತು ಯಾವ ದಿಕ್ಕಿಗೂ ಚೂರು ಸರಿಯಬಹುದು. ಇಡೀ ಸಂಖ್ಯಾರೇಖೆಯ ಮೇಲಿನ ಡೆನ್ಸಿಟಿ ಆದಾಗ ಒಳಜಾಗವೇ ಇರುವುದಿಲ್ಲ. ನಾರ್ಮಲ್ ತಗೊ. 10ರ ಆಚೆ ಅದರ ಎತ್ತರ ಸೊನ್ನೆಗೆ ಅಂಟಿಕೊಂಡಿದೆ. ಅಲ್ಲೊಂದು ಸಣ್ಣ ಗುಂಡಿ ತೋಡಿದರೆ ಬೆಲೆ ಮೈನಸ್ ಆಗುತ್ತದೆ. ಗುಂಡಿಯ ವಿಸ್ತೀರ್ಣವೋ ನಗಣ್ಯ, ಸಾಮಾನ್ಯ ಅಳತೆಗಳಿಗೆ ಕಾಣುವುದೇ ಇಲ್ಲ. ಅಂದರೆ ಎಷ್ಟೇ ಚಿಕ್ಕ ನೆರೆಹೊರೆ ತಗೊಂಡರೂ ಅದರಲ್ಲಿ ಡೆನ್ಸಿಟಿ ಅಲ್ಲದವು ತುಂಬಿರುತ್ತವೆ. ಮ್ಯಾನಿಫೋಲ್ಡ್ ಅನ್ನುವುದಕ್ಕೆ ಪ್ರತಿ ಬಿಂದುವಿನ ಸುತ್ತ ನಿಜವಾದ ನೆರೆಹೊರೆ ಬೇಕಲ್ಲ?

ಲಾಗ್‌ಗೆ ಹೋದರೆ ಈ ತೊಂದರೆ ತಪ್ಪುತ್ತದೆ. ಪಿ ಅನ್ನು ಕೇಂದ್ರ ಮಾಡಿಕೊಂಡು ಯು ಅನ್ನುವ ಯಾವುದೋ ಫಂಕ್ಷನ್‌ನ ಎಕ್ಸ್‌ಪೊನೆನ್ಶಿಯಲ್‌ನಿಂದ ಪಿ ಅನ್ನು ಗುಣಿಸು, ಒಟ್ಟು 1 ಆಗುವ ಹಾಗೆ ಭಾಗಿಸು. ಸಿಕ್ಕಿದ್ದನ್ನು ಕ್ಯೂ ಅನ್ನೋಣ. ಮೈನಸ್ ಬರುವ ಮಾತೇ ಇಲ್ಲ. ನಿನ್ನ ಮೊದಲ ಪ್ರಶ್ನೆಗೆ ಉತ್ತರ ಇದೇ ರಾಘು. ಸಾಮಾನ್ಯ ಎಕ್ಸ್‌ಪೊನೆನ್ಶಿಯಲ್ ಫ್ಯಾಮಿಲಿಯಲ್ಲಿ ಯು ಅನ್ನುವುದು ಎಕ್ಸ್, ಎಕ್ಸ್ ವರ್ಗ ಹೀಗೆ ಎರಡು ಮೂರರ ಮಿಶ್ರಣ. ಇಲ್ಲಿ ಯುಗೆ ಪೂರ್ತಿ ಸ್ವಾತಂತ್ರ್ಯ. ಪ್ಯಾರಾಮೀಟರ್ ಇಲ್ಲ ಅಂತಲ್ಲ, ಇಡೀ ಫಂಕ್ಷನ್ನೇ ಪ್ಯಾರಾಮೀಟರ್.

ಪೂರ್ತಿ ಅಂದೆ, ಒಂದು ಷರತ್ತಿದೆ. ಆ ಎಕ್ಸ್‌ಪೊನೆನ್ಶಿಯಲ್‌ನ ಸರಾಸರಿ ಸೀಮಿತವಾಗಿರಬೇಕು, ಅದೂ ಎರಡು ದಿಕ್ಕಿಗೂ. ಟಿ ಅನ್ನುವ ಸಣ್ಣ ಸಂಖ್ಯೆಯಿಂದ ಯು ಅನ್ನು ಗುಣಿಸಿದರೆ, ಟಿ ಪ್ಲಸ್ ಆಗಿರಲಿ ಮೈನಸ್ ಆಗಿರಲಿ, ಮೊಮೆಂಟ್ ಜನರೇಟಿಂಗ್ ಫಂಕ್ಷನ್, ಅಂದರೆ ಆ ಸರಾಸರಿ, ಸೀಮಿತವಾಗಿ ಉಳಿಯಬೇಕು. ಅಂಥ ಯುಗಳೆಲ್ಲ ಸೇರಿದ ಜಾಗವೇ ನಿನ್ನನ್ನು ಹೆದರಿಸಿದ ಒರ್ಲಿಚ್ ಸ್ಪೇಸ್. ಜೊವಾನ್ನಿ ಪಿಸ್ತೋನೆ, ಕಾರ್ಲೊ ಸೆಂಪಿ ಇಬ್ಬರೂ 1995ರಲ್ಲಿ ಆನಲ್ಸ್ ಆಫ್ ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ತೋರಿಸಿದ್ದು ಇದನ್ನು. ಇಟಲಿಯವರು ಬರೆದ ಆ ಪೇಪರ್ ಒಣಒಣ ಅನಿಸಬಹುದು, ಒಳಗಿನ ಯೋಚನೆ ಮಾತ್ರ ತುಂಬ ಸರಳ.

ಇದರ ಸಂಚಯಕ ಫಂಕ್ಷನ್, ಕೆ ಅನ್ನೋಣ, ನಿನಗೆ ಗೊತ್ತಿರುವ ಲಾಗ್ ಪಾರ್ಟಿಷನ್ನೇ, ಅಂದರೆ ಒಟ್ಟು 1 ಮಾಡಲು ಭಾಗಿಸಿದ ಸಂಖ್ಯೆಯ ಲಾಗ್. ಅದರ ಮೊದಲ ಡೆರಿವೇಟಿವ್ ಸರಾಸರಿ, ಎರಡನೆಯದು ಕೋವೇರಿಯನ್ಸ್. ಯುವಿನ ಸರಾಸರಿ 0 ಇರುವ ಹಾಗೆ ಇಟ್ಟುಕೊಂಡರೆ ಪಿ ಇಂದ ಕ್ಯೂಗೆ ಕುಲ್‌ಬ್ಯಾಕ್-ಲೈಬ್ಲರ್ ಬೆಲೆ ನೇರವಾಗಿ ಕೆ. ಒಂದೇ ಸಾಲಿನ ಲೆಕ್ಕ, ಮಾಡಿ ನೋಡು.

ನಂಜುಂಡ:
ಸರ್, ಎರಡು ದಿಕ್ಕಿಗೂ ಯಾಕೆ? ಪಿ ಇಂದ ಕ್ಯೂಗೆ ಹೋಗುವುದಕ್ಕೆ ಒಂದು ದಿಕ್ಕು ಸಾಕಲ್ಲ.

ತುಂಗಾತೀರ:
ಇಲ್ಲೇ ಮಜಾ ಇರುವುದು. ಪಿ ಲಾಪ್ಲಾಸ್ ಅಂತಿಟ್ಟುಕೊಳ್ಳಿ, ಎರಡೂ ಕಡೆ ಎಕ್ಸ್‌ಪೊನೆನ್ಶಿಯಲ್ ಆಗಿ ಇಳಿಯುವುದು, ವೇರಿಯನ್ಸ್ 2. ಕ್ಯೂ ಸ್ಟ್ಯಾಂಡರ್ಡ್ ನಾರ್ಮಲ್. ಕುಲ್‌ಬ್ಯಾಕ್-ಲೈಬ್ಲರ್ ಲಾಪ್ಲಾಸ್‌ನಿಂದ ನಾರ್ಮಲ್‌ಗೆ 0.226, ನಾರ್ಮಲ್‌ನಿಂದ ಲಾಪ್ಲಾಸ್‌ಗೆ 0.072. ಎರಡೂ ಸಣ್ಣ ಸಂಖ್ಯೆ, ಪಕ್ಕದ ಮನೆಯವರು ಅನ್ನಬಹುದು.

ಈಗ ಇ-ಗೆರೆ ಎಳೆಯಿರಿ. ಲಾಪ್ಲಾಸ್‌ನ ಘಾತ 1 − ಟಿ, ನಾರ್ಮಲ್‌ನ ಘಾತ ಟಿ. ಟಿ ಸೊನ್ನೆಯಿಂದ ಒಂದರವರೆಗೆ ಏನೂ ತೊಂದರೆ ಇಲ್ಲ. ಒಂದನ್ನು ದಾಟಿ ಸ್ವಲ್ಪ ಮುಂದೆ ಹೋದರೂ ನಾರ್ಮಲ್‌ನ ಬಾಲ, ಅಂದರೆ ದೂರದಲ್ಲಿ ಇಳಿಯುತ್ತಾ ಹೋಗುವ ಭಾಗ, ಕಾಪಾಡುತ್ತದೆ. ಸೊನ್ನೆಯಿಂದ ಹಿಂದಕ್ಕೆ ಕೂದಲೆಳೆಯಷ್ಟು ಹೋಗಿ ನೋಡಿ. ನಾರ್ಮಲ್‌ನ ಘಾತ ಮೈನಸ್ ಆಗಿ, ಎಕ್ಸ್ ವರ್ಗ ಪ್ಲಸ್ ಆಗಿ ಮೇಲಕ್ಕೆ ಹೋಗುತ್ತದೆ. ಲಾಪ್ಲಾಸ್‌ನ ಬಾಲಕ್ಕೆ ಅದನ್ನು ಹಿಡಿಯುವ ಶಕ್ತಿ ಇಲ್ಲ. ಇಂಟೆಗ್ರಲ್ ಅನಂತ. ಅಂದರೆ ಲಾಪ್ಲಾಸ್ ಈ ಗೆರೆಯ ಅಂಚಿನಲ್ಲಿ ನಿಂತಿದೆ, ಒಳಗೆ ಇಲ್ಲ. ಅಂಚಿನಲ್ಲಿ ಡೆರಿವೇಟಿವ್ ತೆಗೆಯುವುದಕ್ಕೆ, ಟೇಲರ್ ಸರಣಿ ಬರೆಯುವುದಕ್ಕೆ ಆಗುವುದಿಲ್ಲ. ಎರಡು ಹಂಚಿಕೆಗಳ ನಡುವಿನ ಇ-ಗೆರೆ ಎರಡೂ ತುದಿಯಿಂದ ಸ್ವಲ್ಪ ಹೊರಗೆ ಚಾಚಿದರೆ ಮಾತ್ರ ಅವು ಒಂದೇ ಮ್ಯಾಕ್ಸಿಮಲ್ ಎಕ್ಸ್‌ಪೊನೆನ್ಶಿಯಲ್ ಮಾಡೆಲ್‌ನವು. ಲಾಪ್ಲಾಸ್, ನಾರ್ಮಲ್ ಬೇರೆ ಬೇರೆ ದ್ವೀಪ.

ಕೊಶಿಯಂಥ ಭಾರಿ ಬಾಲದವು ಈ ಲೋಕದಿಂದ ಪೂರ್ತಿ ಹೊರಗೆ ಅಂತ ಕೆಲವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಕೊಶಿಗೆ ಸರಾಸರಿಯೇ ಇಲ್ಲ, ಎಕ್ಸ್ ಅನ್ನುವ ಫಂಕ್ಷನ್ ಅಲ್ಲಿ ನಡೆಯುವುದಿಲ್ಲ ನಿಜ. ಆದರೆ 1 + ಎಕ್ಸ್ ವರ್ಗದ ಲಾಗ್ ಚೆನ್ನಾಗಿ ನಡೆಯುತ್ತದೆ, ಅದರ ಸರಾಸರಿ 4ರ ಲಾಗ್. ಆ ದಿಕ್ಕಿನಲ್ಲಿ ಟಿ ಅರ್ಧ ಮುಟ್ಟುವವರೆಗೂ ಹೋಗಬಹುದು. ಸ್ಟೂಡೆಂಟ್ ಟಿ ಹಂಚಿಕೆಗಳೆಲ್ಲ, ಡಿಗ್ರಿ ಆಫ್ ಫ್ರೀಡಂ ಯಾವುದೇ ಇರಲಿ, ಕೊಶಿ ಇರುವ ದ್ವೀಪದಲ್ಲೇ ಇವೆ.

ಕೋಡುಬಳೆ:
ಓದುವುದಕ್ಕೆ ಚೆನ್ನಾಗಿದೆ. ನಾನು ಇನ್ಶೂರೆನ್ಸ್ ಕ್ಲೇಮ್ ಡೇಟಾ ಮೇಲೆ ಕೆಲಸ ಮಾಡುವವನು. ಡೆನ್ಸಿಟಿ ಬೇಕಾದರೆ ಕರ್ನಲ್ ಹಾಕುತ್ತೇನೆ, ಬ್ಯಾಂಡ್‌ವಿಡ್ತ್ ನೋಡಿಕೊಳ್ಳುತ್ತೇನೆ, ಕೆಲಸ ಮುಗಿಯಿತು. ಸುಮ್ನೆ ದ್ವೀಪ, ಗೋಳ ಅಂತ ಹೇಳಿದರೆ ನನಗೇನು ಬಂತು?

ಭಾರತಿ_ನಿವೃತ್ತ_ಲೆಕ್ಚರರ್:
ಕೋಡುಬಳೆಯವರೇ, ಕರ್ನಲ್ ಹಾಕುವಾಗಲೂ ನೀವು ಜ್ಯಾಮಿತಿ ಆರಿಸಿಕೊಂಡಿದ್ದೀರಿ. ಪ್ರತಿ ಡೇಟಾ ಬಿಂದುವಿನ ಮೇಲೆ ಒಂದು ಗುಡ್ಡ ಇಟ್ಟು ಕೂಡಿಸುವುದು ಎಂ-ಗೆರೆಯ ಕೆಲಸ. ಇ-ಕಡೆಯ ದಾರಿಯೂ ಹಳೆಯದೇ. ಲಾಗ್ ಡೆನ್ಸಿಟಿಯನ್ನೇ ಪಾಲಿನಾಮಿಯಲ್, ಸ್ಪ್ಲೈನ್ ಇವುಗಳಿಂದ ಕಟ್ಟುವುದು.

ಯು ಅನ್ನು ಪೂರ್ತಿ ಬಿಟ್ಟುಬಿಟ್ಟರೆ ಮ್ಯಾಕ್ಸಿಮಮ್ ಲೈಕ್ಲಿಹುಡ್ ಕೈಕೊಡುತ್ತದೆ. ಪ್ರತಿ ಡೇಟಾ ಬಿಂದುವಿನ ಮೇಲೆ ಚೂಪಾದ ಮೊಳೆ ಎಬ್ಬಿಸುತ್ತಾ ಹೋದರೆ ಲೈಕ್ಲಿಹುಡ್‌ಗೆ ಮಿತಿಯೇ ಇಲ್ಲ. ಹಾಗಾಗಿ ಲಗಾಮು ಬೇಕು. ಸಿಲ್ವರ್‌ಮನ್ 1982ರಲ್ಲಿ ಲಾಗ್ ಡೆನ್ಸಿಟಿಯ ಮೂರನೇ ಡೆರಿವೇಟಿವ್ ಮೇಲೆ ದಂಡ ಹಾಕಿದರು. ನನಗೆ ಬಹಳ ಇಷ್ಟವಾದ ಉಪಾಯ. ದಂಡ ಏರಿಸುತ್ತಾ ಹೋದರೆ ಲಾಗ್ ಡೆನ್ಸಿಟಿ ಎರಡನೇ ಘಾತದ ಪಾಲಿನಾಮಿಯಲ್ ಆಗಲೇಬೇಕು, ಅಂದರೆ ನಾರ್ಮಲ್. ದಂಡ ಇಳಿಸಿದರೆ ಡೇಟಾ ಹೇಳಿದ ಆಕಾರ. ಪ್ಯಾರಾಮೆಟ್ರಿಕ್, ನಾನ್‌ಪ್ಯಾರಾಮೆಟ್ರಿಕ್ ಎರಡೂ ಒಂದೇ ಗುಂಡಿ ತಿರುಗಿಸಿದರೆ ಸಿಗುತ್ತವೆ.

ಇನ್ನೊಂದು ಲಗಾಮು, ಡೇಟಾ ಜಾಸ್ತಿಯಾದ ಹಾಗೆ ನಿಧಾನಕ್ಕೆ ಪದಗಳನ್ನು ಸೇರಿಸುತ್ತಾ ಹೋಗುವುದು. ಬ್ಯಾರನ್ ಮತ್ತು ಶೂ 1991ರಲ್ಲಿ ಸೀಮಿತ ಇಂಟರ್ವಲ್ ಮೇಲೆ ಇದರ ಲೆಕ್ಕ ಕೊಟ್ಟಿದ್ದಾರೆ. ಎಂ ಪದ (ಇದು ಸಂಖ್ಯೆ, ಎಂ-ಗೆರೆಯ ಎಂ ಅಲ್ಲ), ಎನ್ ಡೇಟಾ, ಲಾಗ್ ಡೆನ್ಸಿಟಿಗೆ ಆರ್ ಡೆರಿವೇಟಿವ್‌ಗಳು ಇದ್ದರೆ ಕುಲ್‌ಬ್ಯಾಕ್-ಲೈಬ್ಲರ್ ತಪ್ಪು ಎರಡು ತುಂಡಾಗಿ ಒಡೆಯುತ್ತದೆ. ಒಂದು ಎಂನ 2ಆರ್ ಘಾತದ ವಿಲೋಮದಷ್ಟು, ಇನ್ನೊಂದು ಎಂ ಭಾಗಿಸು ಎನ್ ಅಷ್ಟು. ಆ ಒಡೆಯುವಿಕೆ ಬರುವುದು ಮೇಲೆ ಹೇಳಿದ ಪೈಥಾಗೊರಸ್‌ನಿಂದಲೇ. ಜ್ಯಾಮಿತಿ ಅಲಂಕಾರಕ್ಕೆ ಕೂತಿಲ್ಲ.

ಸಂಜೆ_ಕೋಡರ್:
ಕೈಯಲ್ಲಿ ಮಾಡಿ ನೋಡುವವರಿಗೆ: ಆರ್ ಸಾಫ್ಟ್‌ವೇರ್‌ನಲ್ಲಿ ಫೇತ್‌ಫುಲ್ ಅನ್ನುವ ಡೇಟಾ ಮೊದಲೇ ಇದೆ. ಯೆಲ್ಲೋಸ್ಟೋನ್‌ನ ಓಲ್ಡ್ ಫೇತ್‌ಫುಲ್ ಬಿಸಿನೀರ ಬುಗ್ಗೆಯ 272 ಸಾಲು. ಕಾಯುವ ಸಮಯ 43ರಿಂದ 96 ನಿಮಿಷ. ಹಿಸ್ಟೋಗ್ರಾಂ ಡಬ್ಬಿಗಳನ್ನು ಮಾಡಿ, ಪ್ರತಿ ಡಬ್ಬಿಯ ಎಣಿಕೆಯನ್ನು ವೈ ಮಾಡಿ, ಡಬ್ಬಿಯ ಮಧ್ಯದ ಬೆಲೆಯ ಪಾಲಿನಾಮಿಯಲ್ ಹಾಕಿ ಜಿಎಲ್‌ಎಂ ಅನ್ನುವ ಫಂಕ್ಷನ್‌ನಲ್ಲಿ ಪಾಯ್ಸಾನ್ ರಿಗ್ರೆಶನ್ ಓಡಿಸಿ. ಇದೇ ಲಿಂಡ್ಸೆ ವಿಧಾನ. ನಾರ್ಮಲೈಸಿಂಗ್ ಸ್ಥಿರಾಂಕದ ಗೋಜೇ ಇಲ್ಲ, ಇಂಟರ್‌ಸೆಪ್ಟ್ ಅದನ್ನು ನುಂಗಿಕೊಳ್ಳುತ್ತದೆ.

ಘಾತ ಕನಿಷ್ಠ 4 ಇರಲಿ. ಗುಡ್ಡಗಳು 55ರ ಹತ್ತಿರ ಒಂದು, 80ರ ಹತ್ತಿರ ಒಂದು. ಎರಡು ಗುಡ್ಡ, ನಡುವೆ ಒಂದು ಕಣಿವೆ ಬರಬೇಕಾದರೆ ಡೆರಿವೇಟಿವ್ ಮೂರು ಕಡೆ ಸೊನ್ನೆಯಾಗಬೇಕು. ಮೂರನೇ ಘಾತದ ಪಾಲಿನಾಮಿಯಲ್‌ಗೆ ಅದು ಆಗದ ಕೆಲಸ. ಪಾಲಿನಾಮಿಯಲ್ ಹಾಕುವಾಗ ಪಾಲಿ ಫಂಕ್ಷನ್ ಬಳಸಿ, ನೇರ ಘಾತ ಬೇಡ. 96ರ ನಾಲ್ಕನೇ ಘಾತ 8 ಕೋಟಿ 49 ಲಕ್ಷ, ಮ್ಯಾಟ್ರಿಕ್ಸ್ ಒದ್ದಾಡುತ್ತದೆ. ಓಡಿಸಿದ ಮೇಲೆ ಫಿಟ್ ಆದ ಎಣಿಕೆಗಳಿಂದ ಸರಾಸರಿ, ವೇರಿಯನ್ಸ್ ಲೆಕ್ಕ ಹಾಕಿ. ಡಬ್ಬಿ ಮಾಡಿದ ಡೇಟಾದ ಜೊತೆ ಪೂರ್ತಿ ತಾಳೆಯಾಗುತ್ತದೆ. ಮೇಡಂ ಹೇಳಿದ ಮೊಮೆಂಟ್ ಷರತ್ತು ಅದೇ.

ರಾಘು_ಎಂಎಸ್ಸಿ:
ಒಂದೇ ವೇರಿಯಬಲ್ ಇದ್ದರೆ ಸರಿ. ಹತ್ತು ವೇರಿಯಬಲ್ ಇದ್ದರೆ ಡಬ್ಬಿ ಮಾಡುವುದು ಹೇಗೆ?

ಸಂಜೆ_ಕೋಡರ್:
ಡಬ್ಬಿ ನಡೆಯುವುದಿಲ್ಲ. ಅಲ್ಲಿ ಸ್ಕೋರ್ ಮ್ಯಾಚಿಂಗ್, ಹ್ಯೂವಾರಿನೆನ್ 2005. ಲಾಗ್ ಡೆನ್ಸಿಟಿಯ ಗ್ರೇಡಿಯೆಂಟ್ ಮಾತ್ರ ನೋಡುತ್ತದೆ, ಸ್ಥಿರಾಂಕ ಡೆರಿವೇಟಿವ್‌ನಲ್ಲಿ ಹೊಡೆದುಹೋಗುತ್ತದೆ. ಎಕ್ಸ್‌ಪೊನೆನ್ಶಿಯಲ್ ಫ್ಯಾಮಿಲಿಯಲ್ಲಿ ಗುರಿ ಫಂಕ್ಷನ್ ಬರೀ ಎರಡನೇ ಘಾತದ್ದು, ಒಂದು ಲೀನಿಯರ್ ಸಿಸ್ಟಂ ಬಿಡಿಸಿದರೆ ಆಯಿತು. ಯು ಅನ್ನು ರಿಪ್ರೊಡ್ಯೂಸಿಂಗ್ ಕರ್ನಲ್ ಸ್ಪೇಸ್‌ನಿಂದ (ಒಂದು ಕರ್ನಲ್‌ನಿಂದ ಕಟ್ಟಿದ ಹಿಲ್ಬರ್ಟ್ ಸ್ಪೇಸ್) ಆರಿಸಿ ಇದನ್ನೇ ಅನಂತ ಆಯಾಮಕ್ಕೆ ಒಯ್ದವರು ಶ್ರೀಪೆರಂಬದೂರು, ಫುಕುಮಿಜು ಮತ್ತು ಜೊತೆಗಾರರು, 2017ರ ಪೇಪರ್. ಒರ್ಲಿಚ್‌ಗಿಂತ ಹಿಲ್ಬರ್ಟ್ ಸ್ಪೇಸ್‌ನಲ್ಲಿ ಕೋಡ್ ಬರೆಯುವುದು ಎಷ್ಟೋ ಸುಲಭ, ನನ್ನ ಓಟು ಅದಕ್ಕೆ.

ತುಂಗಾತೀರ:
ಕೋಡ್ ಸುಲಭ ನಿಜ. ಆದರೆ ಕರ್ನಲ್ ಬೌಂಡೆಡ್ ಆಗಿದ್ದರೆ ಯು ಕೂಡ ಬೌಂಡೆಡ್. ಆಗ ಬಾಲ ಯಾವುದು ಅಂತ ಡೇಟಾ ಹೇಳುವುದಿಲ್ಲ, ನೀವು ಆರಿಸಿಕೊಂಡ ಪಿ ಹೇಳುತ್ತದೆ. ಒರ್ಲಿಚ್ ಸ್ಪೇಸ್‌ನಲ್ಲಿ ಬೌಂಡೆಡ್ ಫಂಕ್ಷನ್‌ಗಳು ಎಲ್ಲ ಯುಗಳ ಹತ್ತಿರಕ್ಕೂ ಹೋಗಲಾರವು. ಗಣಿತಕ್ಕೆ ಅದು ಕಿರಿಕಿರಿ, ಆದರೆ ಬಾಲದ ವಿಷಯದಲ್ಲಿ ಅದು ಸತ್ಯ ಹೇಳುತ್ತಿದೆ. ಕ್ಲೇಮ್ ಡೇಟಾ ನೋಡುವವರಿಗೆ ಬಾಲವೇ ಅಲ್ವಾ ಮುಖ್ಯ?

ಕೋಡುಬಳೆ:
ಅದು ನನಗೆ ಬೇಕಾದ ಮಾತು. ನಮ್ಮಲ್ಲಿ ದಿನಾ ನಡೆಯುವ ಜಗಳ ಗಾಮಾನೋ ಲಾಗ್‌ನಾರ್ಮಲೋ ಅಂತ. ಇವೆರಡೂ ಒಂದೇ ದ್ವೀಪವೇ ಸರ್?

ತುಂಗಾತೀರ:
ರಾಘು ಹೇಳಲಿ. ಎರಡು ಗಾಮಾ ಒಂದೇ ದ್ವೀಪ, ಎರಡು ಲಾಗ್‌ನಾರ್ಮಲ್ ಒಂದೇ ದ್ವೀಪ, ಅಷ್ಟು ಹೇಳಿಕೊಡುತ್ತೇನೆ.

ರಾಘು_ಎಂಎಸ್ಸಿ:
ಹಾಳೆಯಲ್ಲಿ ಮಾಡಿದೆ ಸರ್. ಗಾಮಾದ ಘಾತ 1 − ಟಿ, ಲಾಗ್‌ನಾರ್ಮಲ್‌ನ ಘಾತ ಟಿ. ಟಿ ಒಂದನ್ನು ದಾಟಿದರೆ ಗಾಮಾದ ಘಾತ ಮೈನಸ್, ದೂರದಲ್ಲಿ ಎಕ್ಸ್‌ಪೊನೆನ್ಶಿಯಲ್ ಆಗಿ ಏರುತ್ತದೆ. ಲಾಗ್‌ನಾರ್ಮಲ್‌ನ ಬಾಲ ಅದನ್ನು ತಡೆಯುವುದಿಲ್ಲ, ಇಂಟೆಗ್ರಲ್ ಅನಂತ. ಟಿ ಸೊನ್ನೆಗಿಂತ ಕೆಳಗೆ ಇಳಿದರೆ ದೂರದಲ್ಲಿ ಏನೂ ತೊಂದರೆ ಕಾಣಲಿಲ್ಲ, ಗಾಮಾ ಹಿಡಿದುಕೊಳ್ಳುತ್ತದೆ. ಹಾಗಾದರೆ ಲಾಪ್ಲಾಸ್-ನಾರ್ಮಲ್ ತರ ಒಂದೇ ತುದಿಯಲ್ಲಿ ಒಡೆಯುತ್ತದೆ ಅಂತ ಬರೆಯಲಾ?

ಭಾರತಿ_ನಿವೃತ್ತ_ಲೆಕ್ಚರರ್:
ಸೊನ್ನೆಯ ಹತ್ತಿರ ನೋಡಿದೆಯಾ? ಎಕ್ಸ್ ಜಾಗದಲ್ಲಿ ಇ ಘಾತ ಮೈನಸ್ ವೈ ಹಾಕು.

ರಾಘು_ಎಂಎಸ್ಸಿ:
ಹಾಕಿದೆ ಮೇಡಂ. ಲಾಗ್‌ನಾರ್ಮಲ್‌ನಿಂದ ವೈ ವರ್ಗ ಪ್ಲಸ್ ಆಗಿ ಘಾತಕ್ಕೆ ಬರುತ್ತದೆ, ಗಾಮಾ ಕಡೆಯಿಂದ ಬರುವುದು ಬರೀ ವೈ. ಅದೂ ಅನಂತ. ಎರಡು ತುದಿಯೂ ಒಡೆಯುತ್ತದೆ, ಒಂದು ದೊಡ್ಡ ಕ್ಲೇಮ್‌ಗಳ ಕಡೆ, ಇನ್ನೊಂದು ಚಿಲ್ಲರೆ ಕ್ಲೇಮ್‌ಗಳ ಕಡೆ. ಸ್ಲೈಡಿಗೆ ಇದನ್ನೇ ಹಾಕುತ್ತೇನೆ.

ಕೋಡುಬಳೆ:
ಚಿಲ್ಲರೆ ಕ್ಲೇಮ್ ಕಡೆ ನಾವು ಯಾರೂ ನೋಡಿರಲೇ ಇಲ್ಲ. ಫಿಟ್ ಮಾಡಿದ ಮೇಲೆ ಪ್ಲಾಟ್‌ನ ಬಲಗಡೆ ಮಾತ್ರ ನೋಡಿ ಜಗಳ ಮುಗಿಸುತ್ತಿದ್ದೆವು. ಸೋಮವಾರ ಲಾಗ್ ಸ್ಕೇಲ್‌ನಲ್ಲಿ ಎಡಗಡೆಯನ್ನೂ ಹಾಕಿ ನೋಡುತ್ತೇನೆ. ಪಾಲಿಸಿಯಲ್ಲಿ ಡಿಡಕ್ಟಿಬಲ್ (ಗ್ರಾಹಕರೇ ಕೈಯಿಂದ ಹಾಕಿಕೊಳ್ಳಬೇಕಾದ ಮೊದಲ ಮೊತ್ತ) ಇರುವುದರಿಂದ ಚಿಕ್ಕ ಕ್ಲೇಮ್‌ಗಳು ಕತ್ತರಿಸಿಹೋಗಿರುತ್ತವೆ, ಅದನ್ನು ಹೇಗೆ ಸೇರಿಸಿಕೊಳ್ಳುವುದು ಅಂತ ಬೇರೆ ಪೋಸ್ಟ್ ಹಾಕುತ್ತೇನೆ.